ಕೈಪಿಡಿ ಪುಸ್ತಕವಲ್ಲದಿದ್ದರೆ ಮತ್ತೇನು?

ವಿದೇಶದಿಂದ ಬರುವ ಒಂದು ತಾಂತ್ರಿಕ ಕೈಪಿಡಿಗೆ ನಮ್ಮ ದೇಶದ ಗಡಿಯಲ್ಲಿ ಎಷ್ಟು ಸುಂಕ ಕಟ್ಟಬೇಕು? ಆ ಕೈಪಿಡಿಯಲ್ಲಿ ಏನು ಬರೆದಿದೆ ಎಂಬುದಕ್ಕಿಂತ ಅದು ಹೇಗೆ ಬಂತು ಎಂಬುದರ ಮೇಲೆ ಇದರ ಉತ್ತರ ನಿಂತಿದೆ. ಪಿಡಿಎಫ್ ಆಗಿ ಬಂದರೆ ಕಸ್ಟಮ್ಸ್ ಸುಂಕವೇ ಇಲ್ಲ. ಯಂತ್ರದ ಪೆಟ್ಟಿಗೆಯೊಳಗೆ ಬಂದರೆ ಸಾಮಾನ್ಯವಾಗಿ ಯಂತ್ರಕ್ಕೆ ಯಾವ ದರವೋ ಅದೇ ದರ. ಮುದ್ರಿತ ಪ್ರತಿಯಾಗಿ ಒಂಟಿಯಾಗಿ ಬಂದರೆ, ‘ಪುಸ್ತಕ’ ಎಂದು ಬರೆದರೆ ಒಂದು ತೆರಿಗೆ, ‘ಇತರ ಮುದ್ರಿತ ಸಾಮಗ್ರಿ’ ಎಂದು ಬರೆದರೆ ಇನ್ನೊಂದು ತೆರಿಗೆ. ಒಳಗಿನ ಅಕ್ಷರ ಅದೇ, ಚಿತ್ರ ಅದೇ, ಪುಟಗಳೂ ಅವೇ. ಈ ಗೊಂದಲವನ್ನು ಸರಿಪಡಿಸಲು ದೊಡ್ಡ ಕಾನೂನು ಬೇಕಿಲ್ಲ, ಒಂದು ಸಾಲಿನ ತಿದ್ದುಪಡಿ ಸಾಕು. ಆ ಸಾಲನ್ನು ಸರ್ಕಾರ ಬರೆಯಬೇಕು ಎಂಬುದೇ ಈ ಬರಹದ ಒಟ್ಟು ಮಾತು.

ಸಾಫ್ಟ್‌ವೇರ್ ಕೆಲಸದವನಿಗೆ ಸುಂಕದ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಹೈದರಾಬಾದಿನ ಮಾದಾಪುರದಲ್ಲಿ ನಾನಿರುವ ತಂಡ ಮಾಡುವುದು ಆಮದು ಕಾಗದಪತ್ರ ಸಿದ್ಧಪಡಿಸುವ ತಂತ್ರಾಂಶವನ್ನು. ಬಿಲ್ ಆಫ್ ಎಂಟ್ರಿ ಎಂಬ ದಾಖಲೆಯಲ್ಲಿ ಪ್ರತಿ ಸರಕಿಗೂ ಎಂಟು ಅಂಕಿಗಳ ಒಂದು ಸಂಕೇತ ಬರೆಯಬೇಕು. ನಮ್ಮ ಪರದೆಯ ಮೇಲೆ ಅದು ಒಂದು ಪುಟ್ಟ ಚೌಕ, ಅಷ್ಟೆ. ಆದರೆ ಎಷ್ಟು ತೆರಿಗೆ, ಎಷ್ಟು ದಿನ ತಡ, ಯಾವ ಪರವಾನಗಿ ಎಂಬುದೆಲ್ಲ ಆ ಚೌಕದಿಂದಲೇ ಹೊರಡುತ್ತದೆ. ಎಂಟೆಕ್ ಓದುವಾಗ ಯಾರೂ ಹೇಳಿಕೊಡದ ಈ ವಿದ್ಯೆಯನ್ನು ಐದಾರು ವರ್ಷ ಕಸ್ಟಮ್ಸ್ ಬ್ರೋಕರ್‌ಗಳ ಜತೆ ಕುಳಿತು ಕಲಿತಿದ್ದೇನೆ.

ಎಂಟು ಅಂಕಿಗಳ ಲೆಕ್ಕ

ಮೊದಲ ಆರು ಅಂಕಿಗಳು ಜಗತ್ತಿಗೆಲ್ಲ ಒಂದೇ. ಬ್ರಸೆಲ್ಸ್‌ನಲ್ಲಿರುವ ವಿಶ್ವ ಕಸ್ಟಮ್ಸ್ ಸಂಘಟನೆ ರೂಪಿಸಿದ ‘ಹಾರ್ಮೊನೈಸ್ಡ್ ಸಿಸ್ಟಮ್’ 1988ರ ಜನವರಿ 1ರಿಂದ ಜಾರಿಯಲ್ಲಿದೆ. ಇನ್ನೂರಕ್ಕೂ ಹೆಚ್ಚು ದೇಶ ಮತ್ತು ಆರ್ಥಿಕ ಪ್ರದೇಶಗಳು ಇದನ್ನು ಬಳಸುತ್ತವೆ. ಅದಕ್ಕೆ ಭಾರತ ತನ್ನ ಎರಡು ಅಂಕಿಗಳನ್ನು ಸೇರಿಸಿಕೊಂಡಿದೆ. ನಮ್ಮ ಪಟ್ಟಿ 1975ರ ಕಸ್ಟಮ್ಸ್ ಸುಂಕ ಕಾಯ್ದೆಯ ಅನುಸೂಚಿಯಲ್ಲಿದೆ.

ಮುದ್ರಿತ ಸರಕುಗಳೆಲ್ಲ ಬರುವುದು 49ನೇ ಅಧ್ಯಾಯಕ್ಕೆ. 4901 ಎಂದರೆ ಮುದ್ರಿತ ಪುಸ್ತಕ, ಕಿರುಹೊತ್ತಿಗೆ, ಕರಪತ್ರ ಮತ್ತು ಅಂಥವು. 4906 ಎಂದರೆ ಕೈಯಿಂದ ಬರೆದ ಮೂಲ ನಕ್ಷೆ, ಎಂಜಿನಿಯರಿಂಗ್ ಡ್ರಾಯಿಂಗ್ ಮತ್ತು ಅವುಗಳ ಕಾರ್ಬನ್ ಪ್ರತಿ ಇತ್ಯಾದಿ. 4911 ಎಂದರೆ ಉಳಿದೆಲ್ಲ ಮುದ್ರಿತ ಸಾಮಗ್ರಿ. ಜಾಹೀರಾತು, ವ್ಯಾಪಾರದ ಕ್ಯಾಟಲಾಗ್, ಚಿತ್ರ, ಫೋಟೊ ಎಲ್ಲ ಇದರಲ್ಲಿ. ಇನ್ನೊಂದು ಸ್ವಾರಸ್ಯದ ಸಾಲೂ ಈ ಅಧ್ಯಾಯದಲ್ಲಿದೆ. ನಮ್ಮ ದೇಶದ ಪಟ್ಟಿಯ 4907 00 30 ಇರುವುದು ಮಾಹಿತಿ ತಂತ್ರಜ್ಞಾನದ ತಂತ್ರಾಂಶವನ್ನು ಬಳಸುವ ಹಕ್ಕು ಕೊಡುವ ದಾಖಲೆಗಳಿಗೆ. ಅಂದರೆ ಸಾಫ್ಟ್‌ವೇರ್ ಲೈಸೆನ್ಸ್ ಬರೆದ ಕಾಗದಕ್ಕೇ ಪ್ರತ್ಯೇಕ ಸಾಲಿದೆ. ಆ ಸಾಫ್ಟ್‌ವೇರನ್ನು ಹೇಗೆ ಬಳಸಬೇಕು ಎಂದು ವಿವರಿಸುವ ಕೈಪಿಡಿಗೆ ಪ್ರತ್ಯೇಕ ಸಾಲಿಲ್ಲ.

ಹಾಗಾದರೆ ಕೈಪಿಡಿ ಎಲ್ಲಿಗೆ ಸೇರಬೇಕು? ನನ್ನ ಓದಿನ ಪ್ರಕಾರ ಅನುಮಾನಕ್ಕೆ ಹೆಚ್ಚು ಜಾಗವಿಲ್ಲ. ಮುಖ್ಯವಾಗಿ ಪಠ್ಯವೇ ಇರುವ ಪುಸ್ತಕ ಯಾವ ಭಾಷೆಯಲ್ಲಿದ್ದರೂ, ಯಾವ ಲಿಪಿಯಲ್ಲಿದ್ದರೂ, ಬ್ರೈಲ್‌ನಲ್ಲಿದ್ದರೂ 4901ಕ್ಕೇ ಸೇರುತ್ತದೆ ಎಂದು ಹಾರ್ಮೊನೈಸ್ಡ್ ಸಿಸ್ಟಮ್‌ನ ವಿವರಣಾ ಟಿಪ್ಪಣಿಗಳು ಹೇಳುತ್ತವೆ. ತಾಂತ್ರಿಕ ಪ್ರಕಟಣೆಗಳ ಹೆಸರೂ ಅಲ್ಲಿದೆ. ಟೆಲಿಫೋನ್ ಡೈರೆಕ್ಟರಿಗೂ ಪುಸ್ತಕದ ಸಾಲಿನಲ್ಲಿ ಜಾಗ ಸಿಕ್ಕಿದೆ. ಬೈಂಡ್ ಮಾಡದೆ ಬಿಡಿ ಹಾಳೆಗಳಾಗಿ ಬಂದರೂ, ಅವು ಒಂದು ಕೃತಿಯ ಭಾಗವಾಗಿದ್ದು ಬೈಂಡ್ ಮಾಡಲೆಂದೇ ಸಿದ್ಧವಾಗಿದ್ದರೆ ಅವೂ ಪುಸ್ತಕವೇ ಎನ್ನುತ್ತದೆ ಅಧ್ಯಾಯದ ನಾಲ್ಕನೇ ಟಿಪ್ಪಣಿ. ‘ಮುದ್ರಿತ’ ಎಂಬ ಮಾತಿನ ಅರ್ಥವನ್ನೂ ಎರಡನೇ ಟಿಪ್ಪಣಿ ಧಾರಾಳವಾಗಿಯೇ ಕೊಟ್ಟಿದೆ. ಕಂಪ್ಯೂಟರ್‌ನಿಂದ ಪ್ರಿಂಟ್ ತೆಗೆದದ್ದು, ಜೆರಾಕ್ಸ್ ಮಾಡಿಸಿದ್ದು, ಟೈಪ್ ಮಾಡಿದ್ದು ಎಲ್ಲ ಮುದ್ರಿತವೇ.

ಹೊರಗಿಡುವುದು ಯಾವುದನ್ನು? ಐದನೇ ಟಿಪ್ಪಣಿ ಹೇಳುವಂತೆ, ಮುಖ್ಯವಾಗಿ ಜಾಹೀರಾತಿಗಾಗಿಯೇ ಇರುವ ಪ್ರಕಟಣೆ 4901ಕ್ಕೆ ಸೇರುವುದಿಲ್ಲ. ಕಂಪನಿಯ ಕ್ಯಾಟಲಾಗ್, ಪ್ರವಾಸೋದ್ಯಮದ ಪ್ರಚಾರ ಪತ್ರ ಮೊದಲಾದವು 4911ಕ್ಕೆ ಹೋಗಬೇಕು. ಇದು ನ್ಯಾಯವಾದದ್ದೇ. ‘ಈ ಯಂತ್ರ ಕೊಳ್ಳಿ’ ಎನ್ನುವ ಕಾಗದ ಬೇರೆ, ‘ಕೊಂಡ ಯಂತ್ರವನ್ನು ಹೀಗೆ ರಿಪೇರಿ ಮಾಡಿ’ ಎನ್ನುವ ಕಾಗದ ಬೇರೆ.

ತೊಡಕು ಶುರುವಾಗುವುದು ಇವೆರಡೂ ಒಂದೇ ರಟ್ಟಿನ ನಡುವೆ ಸಿಕ್ಕಾಗ. ಬಿಡಿಭಾಗಗಳ ಪಟ್ಟಿ, ಅಂದರೆ ಪಾರ್ಟ್ಸ್ ಕ್ಯಾಟಲಾಗ್, ಹೆಸರಿಗೆ ಕ್ಯಾಟಲಾಗ್, ಕೆಲಸಕ್ಕೆ ರಿಪೇರಿ ಮಾಡುವವನ ಕೈಹೊತ್ತಿಗೆ. ಕೊನೆಗೆ ಮಡಚಿಟ್ಟ ದೊಡ್ಡ ವಿದ್ಯುತ್ ನಕ್ಷೆ ಪುಸ್ತಕಕ್ಕೆ ಅಂಟಿಕೊಂಡಿದ್ದರೆ ಪುಸ್ತಕದ ಭಾಗ, ಅದೊಂದೇ ಬೇರೆಯಾಗಿ ಬಂದರೆ 4911. ಅದೇ ಕೈಪಿಡಿ ಸಿಡಿಯಲ್ಲಿ ಬಂದರೆ 49ನೇ ಅಧ್ಯಾಯವನ್ನೇ ಬಿಟ್ಟು 85ನೇ ಅಧ್ಯಾಯಕ್ಕೆ, 8523ರ ಸಾಲಿಗೆ ಜಿಗಿಯುತ್ತದೆ. ಹೈದರಾಬಾದಿನ ಅಬಿಡ್ಸ್‌ನಲ್ಲಿ ಭಾನುವಾರ ಬೆಳಿಗ್ಗೆ ಮುಚ್ಚಿದ ಅಂಗಡಿಗಳ ಮುಂದೆ ಹಳೆಯ ಪುಸ್ತಕ ಹರಡಿಕೊಂಡು ಕೂರುತ್ತಾರಲ್ಲ, ಅಲ್ಲಿ ಜನರೇಟರ್, ರೇಡಿಯೊ, ಹಳೆಯ ಕಂಪ್ಯೂಟರುಗಳ ಮ್ಯಾನ್ಯುಯಲ್‌ಗಳನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಮಾರುವವರು ದಪ್ಪ ನೋಡಿ ದರ ಹೇಳುತ್ತಾರೆ. ಅವರ ಪಾಲಿಗೆ ಎಲ್ಲವೂ ಪುಸ್ತಕವೇ. ಈ ವಿಷಯದಲ್ಲಿ ಅವರ ವರ್ಗೀಕರಣ ನಮ್ಮ ಅನುಸೂಚಿಗಿಂತ ಸರಳವಾಗಿದೆ.

2019ರ ಬಜೆಟ್ ಮಾಡಿದ್ದು

ಇಷ್ಟು ದಿನ ಈ ಗೊಂದಲ ಯಾರನ್ನೂ ಹೆಚ್ಚು ಕಾಡಿರಲಿಲ್ಲ. ಕಾರಣ, ಪುಸ್ತಕಕ್ಕೆ ಸುಂಕವೇ ಇರಲಿಲ್ಲ. ಹಳೆಯ ವಿನಾಯಿತಿ ಅಧಿಸೂಚನೆಗಳಲ್ಲಿ ಮುದ್ರಿತ ಪುಸ್ತಕದ ಪಕ್ಕದಲ್ಲೇ ‘ಮುದ್ರಿತ ಕೈಪಿಡಿ’ ಎಂಬ ಮಾತೂ ಇತ್ತು. ಬೈಂಡರಿನೊಂದಿಗೆ ಬರುವ ಬಿಡಿ ಹಾಳೆಗಳನ್ನೂ ಅಲ್ಲಿ ಸೇರಿಸಿದ್ದರು. ಬರೆದವರಿಗೆ ಕಾರ್ಖಾನೆಯ ಕಷ್ಟ ಗೊತ್ತಿತ್ತು ಎಂದು ಆ ಸಾಲನ್ನು ಓದಿದಾಗ ಅನಿಸುತ್ತದೆ.

2019ರ ಜುಲೈ 5ರಂದು ಮಂಡಿಸಿದ ಬಜೆಟ್‌ನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಆಮದಾಗುವ ಮುದ್ರಿತ ಪುಸ್ತಕಗಳ ಮೇಲೆ ಶೇ 5ರ ಮೂಲ ಕಸ್ಟಮ್ಸ್ ಸುಂಕ ಹಾಕಿದರು. ದೇಶದ ಪ್ರಕಾಶನ ಮತ್ತು ಮುದ್ರಣ ಉದ್ಯಮಕ್ಕೆ ಉತ್ತೇಜನ ಕೊಡುವುದು ಉದ್ದೇಶ ಎಂದು ಸರ್ಕಾರ ಹೇಳಿತು. ಪಠ್ಯಪುಸ್ತಕ, ಕಾದಂಬರಿಗಳ ಬಗ್ಗೆ ಆಗ ಸಾಕಷ್ಟು ಚರ್ಚೆಯಾಯಿತು. ಕೈಪಿಡಿಯ ಪರವಾಗಿ ಮಾತಾಡುವವರು ಹೆಚ್ಚು ಇರಲಿಲ್ಲ.

ಇದರ ಜತೆಗೆ ಜಿಎಸ್‌ಟಿ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಆದ್ದರಿಂದ ಆಮದಿನ ಮೇಲೆ ಐಜಿಎಸ್‌ಟಿಯೂ ಇಲ್ಲ. ಅದೇ 4901ರ ಒಳಗಿರುವ ಕಿರುಹೊತ್ತಿಗೆ, ಕರಪತ್ರಗಳಿಗೆ ಶೇ 5. 4911ರ ಸಾಮಗ್ರಿಗೆ ಮೊದಲು ಶೇ 12 ಇತ್ತು, ಜಿಎಸ್‌ಟಿ ಮಂಡಳಿಯ 45ನೇ ಸಭೆಯ ತೀರ್ಮಾನದಂತೆ 2021ರ ಅಕ್ಟೋಬರ್ 1ರಿಂದ ಶೇ 18 ಆಯಿತು. ಇಪ್ಪತ್ತು ಸಾವಿರ ರೂಪಾಯಿಯ ಕೈಪಿಡಿ ತರಿಸಿದಿರಿ ಎನ್ನಿ. ಪುಸ್ತಕ ಎಂದಾದರೆ ಮೂಲ ಸುಂಕ 1,000 ರೂಪಾಯಿ, ಐಜಿಎಸ್‌ಟಿ ಸೊನ್ನೆ. 4911 ಎಂದಾದರೆ ಮೂಲ ಸುಂಕವನ್ನು ಪಕ್ಕಕ್ಕಿಟ್ಟರೂ ಐಜಿಎಸ್‌ಟಿಯೊಂದೇ 3,600 ರೂಪಾಯಿ.

ದೊಡ್ಡ ಕಂಪನಿಗೆ ಇದು ಲೆಕ್ಕಕ್ಕಿಲ್ಲ. ಕಟ್ಟಿದ ಐಜಿಎಸ್‌ಟಿಯನ್ನು ಅದು ಹೂಡುವಳಿ ತೆರಿಗೆ ಜಮೆಯಾಗಿ ವಾಪಸ್ ಪಡೆಯುತ್ತದೆ. ಕಾಂಪೊಸಿಷನ್ ಯೋಜನೆಯಲ್ಲಿರುವ ಸಣ್ಣ ಉದ್ಯಮಿಗೆ ಆ ಜಮೆ ಇಲ್ಲ. ಜಿಎಸ್‌ಟಿ ನೋಂದಣಿಯೇ ಇಲ್ಲದ ಗ್ರಂಥಾಲಯಕ್ಕೂ ಇಲ್ಲ, ವಿದ್ಯಾರ್ಥಿಗೂ ಇಲ್ಲ. ಹೀಗಾಗಿ ಶಕ್ತಿ ಇಲ್ಲದವರಿಗೇ ಈ ಭಾರ ಬೀಳುತ್ತದೆ.

ಗೋಕುಲ ರೋಡಿನ ಲೇತ್

ನನ್ನ ದೊಡ್ಡಪ್ಪನ ಮಗ ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ಚಿಕ್ಕ ವರ್ಕ್‌ಶಾಪ್ ನಡೆಸುತ್ತಾನೆ. ಬೇರೆ ಕಾರ್ಖಾನೆಯಿಂದ ಸೆಕೆಂಡ್ ಹ್ಯಾಂಡ್ ಸಿಎನ್‌ಸಿ ಲೇತ್ ಕೊಂಡಿದ್ದ. ಜಪಾನಿನ ಯಂತ್ರ, ಗಟ್ಟಿಮುಟ್ಟು. ಆದರೆ ಕೈ ಬದಲಾಗುವಾಗ ಅದರ ಮ್ಯಾನ್ಯುಯಲ್ ಎಲ್ಲೋ ಕಳೆದುಹೋಗಿತ್ತು. ಇಂಥ ಯಂತ್ರಗಳ ಕಂಟ್ರೋಲರಿನಲ್ಲಿ ನೆನಪು ಉಳಿಸುವ ಒಂದು ಬ್ಯಾಟರಿ ಇರುತ್ತದೆ. ಅದು ಸತ್ತುಹೋದರೆ ಯಂತ್ರದ ಪ್ಯಾರಾಮೀಟರುಗಳೆಲ್ಲ ಅಳಿಸಿಹೋಗುತ್ತವೆ. ಅವನ್ನು ಒಂದೊಂದಾಗಿ ಮತ್ತೆ ತುಂಬಿಸುವವರೆಗೆ ಲಕ್ಷಗಟ್ಟಲೆ ಬೆಲೆಯ ಯಂತ್ರ ಕಬ್ಬಿಣದ ದಿಮ್ಮಿಯ ಹಾಗೆ ಬಿದ್ದಿರುತ್ತದೆ. 2023ರಲ್ಲಿ ಅವನಿಗೆ ಆದದ್ದು ಇದೇ. ಪಿಡಿಎಫ್ ಸಿಗಲಿಲ್ಲ. ಹಳೆಯ ಮಾದರಿಗೆ ಮುದ್ರಿತ ಪ್ರತಿ ಮಾತ್ರ ಇದೆ, ದುಡ್ಡು ಕೊಟ್ಟರೆ ಕಳಿಸುತ್ತೇವೆ ಎಂದರು. ತರಿಸಿದ.

ಕಳಿಸಿದವರು ಇನ್‌ವಾಯ್ಸ್‌ನಲ್ಲಿ ಬರೆದಿದ್ದು ‘ಕ್ಯಾಟಲಾಗ್, ಮುದ್ರಿತ ಸಾಮಗ್ರಿ’ ಎಂಬ ಎರಡು ಮಾತು. ಕೊರಿಯರ್‌ನವರು ಆ ಮಾತನ್ನೇ ಹಿಡಿದು 4911 ಎಂದು ಹಾಕಿದರು. ಅಣ್ಣ ಫೋನ್ ಮಾಡಿದ: ‘ತಮ್ಮಾ, ಇದು ಪುಸ್ತಕ ಅಲ್ಲಂತ. ಅಲ್ಲಂದ್ರ ಮತ್ತೇನಂತ ಇದು? ಓದಾಕ ಅಲ್ಲೇನು ತರಿಸಿದ್ದು?’

ವರ್ಗೀಕರಣದ ಇಡೀ ತಕರಾರನ್ನು ಇದಕ್ಕಿಂತ ಚೆನ್ನಾಗಿ ಯಾವ ವಕೀಲರೂ ಕೇಳಲಾರರು ಎನಿಸಿತು. ‘ಅಣ್ಣಾ, ನೀ ಹೇಳೂದು ಖರೇನ ಐತಿ. ಆದ್ರ ಕಾಗದದಾಗ ಕ್ಯಾಟಲಾಗ್ ಅಂತ ಬರದಾರ’ ಎಂದೆ. ‘ಹಂಗಾದ್ರ ಜಗಳ ತೆಗೀಲೇನು?’ ಎಂದ. ಲೇತ್ ನಿಂತು ಒಂಬತ್ತು ದಿನವಾಗಿತ್ತು. ಜಗಳ ತೆಗೆದರೆ ಇನ್ನೆಷ್ಟು ದಿನವೋ. ಕೇಳಿದಷ್ಟು ಕಟ್ಟಿ ಬಿಡಿಸಿಕೊಂಡ.

ಎಲ್ಲರೂ ಮಾಡುವುದು ಇದನ್ನೇ. ಏಕೆಂದರೆ ಕಾನೂನಿನ ದಾರಿ ಉದ್ದ. 2011ರಿಂದ ಆಮದಿನಲ್ಲಿ ಸ್ವಯಂ ಮೌಲ್ಯಮಾಪನ ಪದ್ಧತಿ ಇದೆ. ಸಂಕೇತ ಆರಿಸುವ ಹೊಣೆ ಆಮದುದಾರನದೇ. ಕಡಿಮೆ ತೆರಿಗೆಯ ಸಾಲು ಆರಿಸಿ ಅದು ತಪ್ಪು ಎಂದಾದರೆ ವ್ಯತ್ಯಾಸ, ಬಡ್ಡಿ, ಕೆಲವೊಮ್ಮೆ ದಂಡ. ಹೆಚ್ಚು ತೆರಿಗೆಯ ಸಾಲು ಆರಿಸಿದರೆ ಯಾರೂ ಕೇಳುವುದಿಲ್ಲ. ಹಾಗಾಗಿ ಎಚ್ಚರಿಕೆಯ ಬ್ರೋಕರ್ ಎಂದರೆ ಹೆಚ್ಚು ತೆರಿಗೆ ಕಟ್ಟಿಸುವ ಬ್ರೋಕರ್ ಎಂಬಂತಾಗಿದೆ. ಹೆಚ್ಚು ಕಟ್ಟಿದ್ದನ್ನು ಆಮೇಲೆ ವಾಪಸ್ ಕೇಳಬಹುದಲ್ಲ ಎನ್ನಬೇಡಿ. ಐಟಿಸಿ ಕಂಪನಿಯ ಪ್ರಕರಣದಲ್ಲಿ 2019ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಂತೆ, ನೀವೇ ಮಾಡಿದ ಮೌಲ್ಯಮಾಪನವೂ ಒಂದು ಆದೇಶವೇ. ಅದನ್ನು ಮೇಲ್ಮನವಿಯ ಮೂಲಕವೋ ಕಾನೂನಿನ ಬೇರೆ ಕ್ರಮದಿಂದಲೋ ಮೊದಲು ತಿದ್ದಿಸಿಕೊಳ್ಳದೆ ಮರುಪಾವತಿ ಕೇಳುವಂತಿಲ್ಲ. ಮೂರ್ನಾಲ್ಕು ಸಾವಿರ ರೂಪಾಯಿಗಾಗಿ ಗೋಕುಲ ರೋಡಿನವನು ಮೇಲ್ಮನವಿ ಹಾಕುತ್ತಾನೆಯೇ? ಮುಂಗಡ ತೀರ್ಪು ಪಡೆಯುವ ಪ್ರಾಧಿಕಾರ ದೆಹಲಿ, ಮುಂಬೈಗಳಲ್ಲಿದೆ. ಅದೂ ವರ್ಷವಿಡೀ ಆಮದು ಮಾಡುವವರಿಗೆ ಉಪಯೋಗವೇ ಹೊರತು ಒಂದೇ ಪುಸ್ತಕ ತರಿಸುವವರಿಗಲ್ಲ.

ಸರ್ಕಾರದ ಅಳುಕಿಗೂ ಕಾರಣವಿದೆ

ಕಸ್ಟಮ್ಸ್‌ನವರು ಕೈಪಿಡಿ ಎಂದೊಡನೆ ಹುಬ್ಬು ಗಂಟಿಕ್ಕುವುದು ಸುಮ್ಮನೆ ಅಲ್ಲ. ಅದರ ಹಿಂದೆ ಇತಿಹಾಸವಿದೆ. ವಿದೇಶಿ ಕಂಪನಿಯಿಂದ ತಂತ್ರಜ್ಞಾನ ಕೊಳ್ಳುವವರು ಅದನ್ನು ಪಡೆಯುವುದು ಡ್ರಾಯಿಂಗ್, ವಿನ್ಯಾಸ, ಕೈಪಿಡಿಗಳ ರೂಪದಲ್ಲಿ. ಒಪ್ಪಂದದ ಮೊತ್ತ ಕೋಟಿಗಳಲ್ಲಿ. ‘ಕೊಟ್ಟ ಹಣ ಜ್ಞಾನಕ್ಕೆ, ಬಂದದ್ದು ಬರೀ ಕಾಗದ, ಕಾಗದಕ್ಕೆ ಕಾಗದದ ಬೆಲೆಯಷ್ಟೇ ಲೆಕ್ಕ ಹಾಕಿ’ ಎಂಬುದು ಕಂಪನಿಗಳ ವಾದ. ಅಸೋಸಿಯೇಟೆಡ್ ಸಿಮೆಂಟ್ ಕಂಪನೀಸ್ ಮತ್ತಿತರರ ಪ್ರಕರಣದಲ್ಲಿ 2001ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ವಾದವನ್ನು ಒಪ್ಪಲಿಲ್ಲ. ವಿಚಾರ, ತಂತ್ರಜ್ಞಾನ ಎಂಬುವು ಪುಸ್ತಕದಲ್ಲೋ ಡಿಸ್ಕ್‌ನಲ್ಲೋ ಕುಳಿತು ಗಡಿ ದಾಟಿದರೆ ಅದು ಸರಕೇ. ಅದರ ಬೆಲೆ ಎಂದರೆ ಒಳಗಿರುವ ಬೌದ್ಧಿಕ ಶ್ರಮವೂ ಸೇರಿದ ಬೆಲೆ ಎಂದಿತು. ಅದಕ್ಕೂ ಒಂದು ವರ್ಷ ಮೊದಲು, ವಿದೇಶದಿಂದ ತಂತ್ರಾಂಶ ಮತ್ತು ಅದರ ಕೈಪಿಡಿಗಳನ್ನು ತರಿಸಿದ್ದ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ, ಲೈಸೆನ್ಸ್ ಶುಲ್ಕವನ್ನು ಸುಂಕದ ಲೆಕ್ಕದಿಂದ ಬೇರ್ಪಡಿಸಬೇಕು ಎಂದು ಕೇಳಿದಾಗಲೂ ಕೋರ್ಟ್ ಒಪ್ಪಿರಲಿಲ್ಲ.

ಇದೇ ಎಳೆ ಹೈದರಾಬಾದಿಗೂ ಬಂತು. ಅಂಗಡಿಯಲ್ಲಿ ಸಿಗುವ ಸಿದ್ಧ ತಂತ್ರಾಂಶ ಸರಕೋ ಅಲ್ಲವೋ ಎಂಬ ಪ್ರಶ್ನೆಯ ಮೇಲೆ ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ಮತ್ತು ಆಗಿನ ಆಂಧ್ರಪ್ರದೇಶ ಸರ್ಕಾರದ ನಡುವೆ ಮಾರಾಟ ತೆರಿಗೆಯ ವ್ಯಾಜ್ಯ ನಡೆಯಿತು. 2004ರ ನವೆಂಬರ್‌ನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದು ಸರಕೇ ಎಂದು ತೀರ್ಮಾನಿಸಿತು. ಸಿಮೆಂಟ್ ಕಂಪನಿಯ ಕಾಗದಗಳ ಬಗ್ಗೆ ಕೊಟ್ಟ ತೀರ್ಪನ್ನೂ ಆಧಾರವಾಗಿ ಇಟ್ಟುಕೊಂಡಿತು. ಇವತ್ತು ಈ ಊರಿನಲ್ಲಿ ಕೋಡ್ ಬರೆದು ಬದುಕುವ ನಮ್ಮಂಥವರ ಕೆಲಸಕ್ಕೆ ‘ಸರಕು’ ಎಂಬ ಹೆಸರು ಬಂದ ದಾರಿಯಲ್ಲಿ ಮುದ್ರಿತ ಡ್ರಾಯಿಂಗು, ಕೈಪಿಡಿಗಳೂ ಇವೆ.

ನಾನು ಈ ತೀರ್ಪುಗಳನ್ನು ತಕರಾರು ಮಾಡುತ್ತಿಲ್ಲ. ಕೋಟಿ ರೂಪಾಯಿಯ ತಂತ್ರಜ್ಞಾನವನ್ನು ಪುಸ್ತಕದ ಹೊದಿಕೆಯಲ್ಲಿ ಸುತ್ತಿ ತರುವವರ ಮೇಲೆ ಕಣ್ಣಿಡಲೇಬೇಕು. ಆದರೆ ಆ ಕಳ್ಳದಾರಿಯನ್ನು ಮುಚ್ಚಲು ಹೋಗಿ, ಲೇತ್ ರಿಪೇರಿಗೆ ಪುಸ್ತಕ ತರಿಸಿದವನನ್ನೂ ಅದೇ ಅನುಮಾನದಿಂದ ನೋಡುವುದು ಸರಿಯಲ್ಲ. ಒಪ್ಪಂದದ ಮೇಲೆ ಒಬ್ಬರಿಗಾಗಿ ಮಾತ್ರ ತಯಾರಾದ ದಾಖಲೆ ಬೇರೆ. ದರಪಟ್ಟಿಯಲ್ಲಿ ಬೆಲೆ ನಮೂದಿಸಿ ಯಾರು ಕೇಳಿದರೂ ಮಾರುವ ಕೈಪಿಡಿ ಬೇರೆ. ಇವೆರಡನ್ನು ಬೇರ್ಪಡಿಸುವುದು ಅಷ್ಟು ಕಷ್ಟವೇ?

ಮೂರು ಆಕ್ಷೇಪಗಳು

ದೇಶೀಯ ಮುದ್ರಣೋದ್ಯಮಕ್ಕೆ ರಕ್ಷಣೆ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು. ಆದರೆ ಜಪಾನಿನ ಲೇತ್‌ನ ಕೈಪಿಡಿಯನ್ನು ಶಿವಕಾಶಿಯಲ್ಲೋ ಬೆಂಗಳೂರಿನಲ್ಲೋ ಯಾರೂ ಮುದ್ರಿಸುವುದಿಲ್ಲ. ಹಕ್ಕುಸ್ವಾಮ್ಯ ತಯಾರಕನದು, ಪ್ರತಿ ಕೊಡುವವನೂ ಅವನೊಬ್ಬನೇ. ಕಾದಂಬರಿಯ ವಿಷಯದಲ್ಲಿ ಭಾರತದ ಆವೃತ್ತಿ ಎಂಬುದು ಉಂಟು, ಕೈಪಿಡಿಗೆ ಅದಿಲ್ಲ. ಪೈಪೋಟಿಗೆ ಯಾರೂ ಇಲ್ಲದ ಕಡೆ ಹಾಕುವ ಸುಂಕ ಯಾರನ್ನೂ ರಕ್ಷಿಸುವುದಿಲ್ಲ. ಅದು ಕೊಳ್ಳುವವನ ಜೇಬಿಗೆ ಕತ್ತರಿ ಅಷ್ಟೆ.

ಎರಡನೆಯದು, ಈಗ ಎಲ್ಲವೂ ಪಿಡಿಎಫ್ ತಾನೇ ಎಂಬ ಮಾತು. ಹೊಸ ಯಂತ್ರಗಳಿಗೆ ಹೌದು. ವಿದ್ಯುನ್ಮಾನ ರವಾನೆಗಳ ಮೇಲೆ ಕಸ್ಟಮ್ಸ್ ಸುಂಕ ಹಾಕುವುದಿಲ್ಲ ಎಂದು ವಿಶ್ವ ವ್ಯಾಪಾರ ಸಂಘಟನೆಯ ಸದಸ್ಯ ದೇಶಗಳು 1998ರಲ್ಲಿ ಒಪ್ಪಿಕೊಂಡು, 2024ರ ಅಬುಧಾಬಿ ಸಭೆಯವರೆಗೂ ಅದನ್ನು ಮತ್ತೆ ಮತ್ತೆ ವಿಸ್ತರಿಸುತ್ತ ಬಂದವು. ಹಣ ಕೊಟ್ಟು ಕೊಂಡ ಪಿಡಿಎಫ್‌ಗೆ ಜಿಎಸ್‌ಟಿ ಬೀಳುವುದು ಬೇರೆ ಮಾತು. ಆದರೆ ನಮ್ಮ ಜೀಡಿಮೆಟ್ಲ, ಬಾಲಾನಗರಗಳಲ್ಲಾಗಲಿ, ಅಲ್ಲಿನ ಪೀಣ್ಯ, ಉದ್ಯಮಬಾಗಗಳಲ್ಲಾಗಲಿ ತಿರುಗುತ್ತಿರುವ ಯಂತ್ರಗಳೆಲ್ಲ ಹೊಸವೇ? ಇಪ್ಪತ್ತು ಮೂವತ್ತು ವರ್ಷದ ಯಂತ್ರಗಳೇ ಸಣ್ಣ ಕೈಗಾರಿಕೆಯ ಬೆನ್ನೆಲುಬು. ಅವಕ್ಕೆ ಕಾಗದವೇ ಗತಿ. ಎಣ್ಣೆಗೈಯಲ್ಲಿ ಕೆಲಸ ಮಾಡುವವನಿಗೆ ಮೊಬೈಲ್ ಪರದೆಗಿಂತ ಅಗಲಕ್ಕೆ ಬಿಚ್ಚಿಟ್ಟ ನಕ್ಷೆಯೇ ಅನುಕೂಲ ಎಂಬುದೂ ಸತ್ಯ.

ಮೂರನೆಯದು, ಯಂತ್ರದ ಜತೆಗೇ ತರಿಸಿಕೊಂಡರೆ ತೊಂದರೆಯೇ ಇಲ್ಲವಲ್ಲ ಎಂಬ ಸಲಹೆ. ಸರಿ. ಯಂತ್ರದ ಜತೆ ಕಡ್ಡಾಯವಾಗಿ, ಪ್ರತ್ಯೇಕ ಬೆಲೆಯಿಲ್ಲದೆ ಬರುವ ಪರಿಕರಗಳಿಗೆ ಯಂತ್ರದ ದರವೇ ಎಂದು 1963ರ ನಿಯಮಗಳೇ ಇವೆ. ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಭಾರತ ಸೇರಿದ ಮೇಲೆ ಕಂಪ್ಯೂಟರಿಗೆ ಮೂಲ ಸುಂಕ ಸೊನ್ನೆ, ಹಾಗಾಗಿ ಅದರ ಪೆಟ್ಟಿಗೆಯ ಕೈಪಿಡಿಗೂ ಸೊನ್ನೆ. ಆದರೆ ಈ ಸಲಹೆ ಹೊಸದನ್ನು ಕೊಳ್ಳುವವನಿಗೆ ಮಾತ್ರ ಹೊಂದುತ್ತದೆ. ಹೊಸ ಯಂತ್ರ ಕೊಂಡವನಿಗೆ ಪುಸ್ತಕ ಪುಕ್ಕಟೆ, ಹಳೆಯದನ್ನು ರಿಪೇರಿ ಮಾಡಿ ಉಳಿಸಿಕೊಳ್ಳುವವನಿಗೆ ಪುಸ್ತಕಕ್ಕೆ ತೆರಿಗೆ. ಇದು ಯಾವ ನೀತಿ?

ಏನು ಮಾಡಬೇಕು

ಈ ಊರಿನ ಇತಿಹಾಸದ ಒಂದು ಮಾತು ಇಲ್ಲಿ ನೆನಪಾಗುತ್ತದೆ. ಬೀದರ, ಕಲಬುರಗಿ, ರಾಯಚೂರು ನಿಜಾಮರ ಆಳ್ವಿಕೆಯಲ್ಲಿದ್ದಾಗ ಸುಂಕದ ಇಲಾಖೆಯನ್ನು ‘ಕರೋಡಗಿರಿ’ ಎನ್ನುತ್ತಿದ್ದರು. ಸಂಸ್ಥಾನಕ್ಕೆ ಬರುವ ಸರಕಿನ ಮೇಲೆ ಅದು ಸುಂಕ ಎತ್ತುತ್ತಿತ್ತು. ಅದೇ ಸರ್ಕಾರ 1917ರಲ್ಲಿ, ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾಗುವ ಮುನ್ನವೇ, ಭಾಷಾಂತರಕ್ಕೆಂದು ಒಂದು ಸಂಸ್ಥೆ ತೆರೆದು ಇಂಗ್ಲಿಷಿನ ಶಾಸ್ತ್ರಗ್ರಂಥಗಳನ್ನು ಉರ್ದುವಿಗೆ ತರಿಸಿತು. ಸರಕಿಗೆ ಸುಂಕ ಎತ್ತುವುದು ಆಡಳಿತದ ಕೆಲಸವಾದರೆ ಹೊರಗಿನ ವಿದ್ಯೆಯನ್ನು ಕರೆದು ಒಳಗೆ ಕೂರಿಸುವುದೂ ಆಡಳಿತದ ಕೆಲಸವೇ. ಒಂದೇ ಸರ್ಕಾರ ಎರಡನ್ನೂ ಮಾಡಬಲ್ಲದು.

ನನ್ನ ಸಲಹೆ ಮೂರು. ಮೊದಲನೆಯದು, ವಿನಾಯಿತಿ ಅಧಿಸೂಚನೆಗೆ ‘ಮುದ್ರಿತ ತಾಂತ್ರಿಕ ಕೈಪಿಡಿ, ಬೈಂಡ್ ಮಾಡಿದ್ದಾಗಲಿ ಬಿಡಿ ಹಾಳೆಗಳದ್ದಾಗಲಿ’ ಎಂಬ ಸಾಲನ್ನು ಸೊನ್ನೆ ಸುಂಕದೊಂದಿಗೆ ಮತ್ತೆ ಸೇರಿಸಬೇಕು. ದುರುಪಯೋಗದ ಭಯವಿದ್ದರೆ, ಸಾರ್ವಜನಿಕವಾಗಿ ಮಾರಾಟಕ್ಕಿರುವ ಕೈಪಿಡಿಗೆ ಮಾತ್ರ, ತಂತ್ರಜ್ಞಾನ ವರ್ಗಾವಣೆ ಒಪ್ಪಂದದ ದಾಖಲೆಗಳಿಗಲ್ಲ ಎಂದು ಷರತ್ತು ಹಾಕಲಿ. ಇದರಿಂದ 2001ರ ತೀರ್ಪಿಗೂ ಭಂಗವಿಲ್ಲ, ಖಜಾನೆಗೂ ಹೇಳಿಕೊಳ್ಳುವಂಥ ನಷ್ಟವಿಲ್ಲ.

ಎರಡನೆಯದು, ಕೇಂದ್ರ ಪರೋಕ್ಷ ತೆರಿಗೆ ಮತ್ತು ಕಸ್ಟಮ್ಸ್ ಮಂಡಳಿ ಉದಾಹರಣೆಗಳ ಸಮೇತ ಒಂದು ಸುತ್ತೋಲೆ ಹೊರಡಿಸಬೇಕು. ನಿರ್ವಹಣಾ ಕೈಪಿಡಿ, ಬಿಡಿಭಾಗಗಳ ಪಟ್ಟಿ, ಮಡಚಿದ ನಕ್ಷೆ, ತಿದ್ದುಪಡಿ ಹಾಳೆ ಇವು ಯಾವ ಸಾಲಿಗೆ ಸೇರುತ್ತವೆ ಎಂದು ಹೆಸರು ಹಿಡಿದು ಹೇಳಲಿ. ಬಂದರಿಗೊಂದು ಅರ್ಥ, ವಿಮಾನ ನಿಲ್ದಾಣಕ್ಕೊಂದು ಅರ್ಥ ಇರಬಾರದು. ಇಂಥ ಪಟ್ಟಿ ಇದ್ದರೆ ನಮ್ಮಂಥವರು ತಂತ್ರಾಂಶದಲ್ಲೇ ಅದನ್ನು ಅಳವಡಿಸಬಹುದು. ‘ಕ್ಯಾಟಲಾಗ್’ ಎಂದು ಟೈಪ್ ಮಾಡಿದೊಡನೆ ‘ಇದು ಮಾರಾಟದ ಪ್ರಚಾರವೋ, ರಿಪೇರಿಯ ಪುಸ್ತಕವೋ?’ ಎಂದು ಪರದೆಯೇ ಕೇಳುವಂತೆ ಮಾಡುವುದು ಒಂದು ವಾರದ ಕೆಲಸ. ಆದರೆ ಎರಡನೇ ಉತ್ತರ ಕೊಟ್ಟವನನ್ನು ಕಾನೂನು ಕಾಪಾಡುತ್ತದೆ ಎಂಬ ಭರವಸೆ ಮೊದಲು ಬೇಕು.

ಮೂರನೆಯದು, ಸಣ್ಣ ಮೊತ್ತದ ವರ್ಗೀಕರಣ ತಕರಾರುಗಳಿಗೆ ಮೇಲ್ಮನವಿಯ ಅಲೆದಾಟವಿಲ್ಲದೆ, ಆನ್‌ಲೈನ್‌ನಲ್ಲೇ ತಿದ್ದಿಸಿಕೊಳ್ಳುವ ಸರಳ ದಾರಿ ಬೇಕು. ಪುಸ್ತಕದ ಮುಖಪುಟ, ಪರಿವಿಡಿ, ಬೆಲೆಯ ಚೀಟಿ ಇಷ್ಟು ಲಗತ್ತಿಸಿದರೆ ಸಾಲಬೇಕು.

ಊರು ಬಿಟ್ಟು ಬಂದು ಹೈದರಾಬಾದ್, ಪುಣೆ, ಚೆನ್ನೈಗಳಲ್ಲಿ ಕೆಲಸ ಮಾಡುವ ನಮ್ಮಲ್ಲಿ ಬಹಳಷ್ಟು ಜನರಿಗೆ ಊರಿನಲ್ಲಿ ವರ್ಕ್‌ಶಾಪ್, ಪ್ರೆಸ್ಸು, ರೈಸ್ ಮಿಲ್ಲು ನಡೆಸುವ ಅಣ್ಣತಮ್ಮಂದಿರಿದ್ದಾರೆ. ಹೊರದೇಶದ ಕಂಪನಿಗೆ ಇಂಗ್ಲಿಷಿನಲ್ಲಿ ಮೇಲ್ ಬರೆದು ಮ್ಯಾನ್ಯುಯಲ್ ತರಿಸಿಕೊಡು ಎಂದು ಅವರು ಕೇಳುವುದು ನಮ್ಮನ್ನೇ. ಕಾನೂನು ಬದಲಾಗುವವರೆಗೆ ನಾವು ಮಾಡಬಹುದಾದ ಒಂದು ಕೆಲಸವಿದೆ. ಮೇಲ್ ಬರೆಯುವಾಗಲೇ, ಇನ್‌ವಾಯ್ಸ್‌ನಲ್ಲಿ ಪುಸ್ತಕದ ಪೂರ್ತಿ ಶೀರ್ಷಿಕೆ, ಪುಟಗಳ ಸಂಖ್ಯೆ, ಯಾವ ಯಂತ್ರದ ಮಾದರಿಯದು, ಬೈಂಡ್ ಆಗಿದೆಯೋ ಇಲ್ಲವೋ ಎಂಬುದನ್ನು ಇದ್ದದ್ದು ಇದ್ದಂತೆ ಬರೆಯಿರಿ ಎಂದು ಕೇಳಿಕೊಳ್ಳಬೇಕು. ‘ಮುದ್ರಿತ ನಿರ್ವಹಣಾ ಕೈಪಿಡಿ, 412 ಪುಟ, ಬೈಂಡ್ ಮಾಡಿದ ಪುಸ್ತಕ’ ಎಂದಿದ್ದರೆ ಅದನ್ನು ಕ್ಯಾಟಲಾಗ್ ಎನ್ನಲು ಯಾರಿಗೂ ಸುಲಭವಾಗುವುದಿಲ್ಲ. ಬಜೆಟ್‌ಗೆ ಮುನ್ನ ಹಣಕಾಸು ಸಚಿವಾಲಯ ಸಲಹೆ ಆಹ್ವಾನಿಸುವಾಗ ವಾಣಿಜ್ಯೋದ್ಯಮ ಸಂಘಗಳ ಮೂಲಕ ಈ ಒಂದು ಸಾಲಿನ ಬೇಡಿಕೆಯನ್ನೂ ಕಳಿಸಬೇಕು. ಕಾರು, ಚಿನ್ನ, ಮೊಬೈಲ್‌ಗಳ ಸುಂಕಕ್ಕೆ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ರಿಪೇರಿ ಪುಸ್ತಕದ ಪರವಾಗಿ ಅದನ್ನು ಓದುವವರೇ ಮಾತಾಡಬೇಕು.